ಉಪ್ಪು ನೀರಿನಲ್ಲಿ ಕರಗುವುದು ಭೌತ ಬದಲಾವಣೆಯೇ, ರಾಸಾಯನಿಕ ಬದಲಾವಣೆಯೇ?

ತುಮಕೂರಿನವ
ಮಗಳು ಹತ್ತನೇ ತರಗತಿ. ಕಿರುಪರೀಕ್ಷೆಯಲ್ಲಿ ಐದು ಸಂಗತಿಗಳನ್ನು ಕೊಟ್ಟು ಭೌತ ಬದಲಾವಣೆ ಯಾವುದು, ರಾಸಾಯನಿಕ ಬದಲಾವಣೆ ಯಾವುದು ಎಂದು ವಿಂಗಡಿಸಲು ಕೇಳಿದ್ದರು: ಮಂಜುಗಡ್ಡೆ ಕರಗುವುದು, ಕಬ್ಬಿಣಕ್ಕೆ ತುಕ್ಕು ಹಿಡಿಯುವುದು, ಸುಟ್ಟ ಸುಣ್ಣಕ್ಕೆ ನೀರು ಹಾಕುವುದು, ಅಡುಗೆ ಉಪ್ಪು ನೀರಿನಲ್ಲಿ ಕರಗುವುದು, ಹಾಲು ಮೊಸರಾಗುವುದು. ಉಪ್ಪನ್ನು ಅವಳು ರಾಸಾಯನಿಕದ ಪಟ್ಟಿಗೆ ಸೇರಿಸಿ, ಪಕ್ಕದಲ್ಲಿ ಕಾರಣವನ್ನೂ ಬರೆದಿದ್ದಾಳೆ: "ಸೋಡಿಯಂ ಕ್ಲೋರೈಡ್ ಅಣು ಒಡೆದು ಸೋಡಿಯಂ ಅಯಾನು, ಕ್ಲೋರೈಡ್ ಅಯಾನುಗಳಾಗುತ್ತದೆ. ಆದ್ದರಿಂದ ದ್ರಾವಣದಲ್ಲಿ ವಿದ್ಯುತ್ ಹರಿಯುತ್ತದೆ." (ಅಯಾನು ಎಂದರೆ ವಿದ್ಯುದಾವೇಶ ಹೊತ್ತ ಕಣವಂತೆ.) ಕೆಂಪು ಶಾಯಿಯಲ್ಲಿ ಒಂದು ಗೀಟು, ಸೊನ್ನೆ ಅಂಕ. ಕಾರಣದ ಬಗ್ಗೆ ಒಂದು ಅಕ್ಷರವನ್ನೂ ಬರೆದಿಲ್ಲ. ಅಂಕ ಹೋದರೆ ಹೋಗಲಿ, ಅವಳು ಕೇಳುತ್ತಿರುವ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ: ಸುಣ್ಣಕ್ಕೂ ನೀರು, ಉಪ್ಪಿಗೂ ನೀರು. ಒಂದು ರಾಸಾಯನಿಕ, ಇನ್ನೊಂದು ಭೌತ. ಯಾಕೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಪಿಯುಸಿ ಹುಡುಗ
ನೀರು ಆವಿಯಾದರೆ ಉಪ್ಪು ಮತ್ತೆ ಸಿಗುತ್ತದೆ. ಆದ್ದರಿಂದ ಭೌತ ಬದಲಾವಣೆ. ಇದರಲ್ಲಿ ಚರ್ಚೆಗೇನಿದೆ?

ಅಡಿಕೆ ತೋಟ
ಸುಣ್ಣ ಕುದಿಯುತ್ತದೆ, ಉಪ್ಪು ಕುದಿಯುವುದಿಲ್ಲ. ಬಿಸಿ ಹುಟ್ಟಿತೆಂದರೆ ರಾಸಾಯನಿಕ ಎಂದು ನಮಗೆ ಮೇಷ್ಟ್ರು ಹೇಳಿಕೊಟ್ಟಿದ್ದರು.

ಪ್ರಯೋಗಶಾಲೆ ಸಹಾಯಕ
ಮೇಲಿನ ಎರಡೂ ಪರೀಕ್ಷೆಗಳು ಅರ್ಧ ದಾರಿಯಲ್ಲಿ ಕೈಕೊಡುತ್ತವೆ.

ಮೊದಲು "ಮತ್ತೆ ಸಿಗುತ್ತದೆ" ಎಂಬುದನ್ನು ನೋಡೋಣ. ಮೈಲುತುತ್ತದ (ಕಾಪರ್ ಸಲ್ಫೇಟ್) ನೀಲಿ ಹರಳನ್ನು ಒಣ ಪ್ರನಾಳದಲ್ಲಿ ಹಾಕಿ, ಬಾಯಿಯನ್ನು ತುಸು ಕೆಳಕ್ಕೆ ವಾಲಿಸಿ ಹಿಡಿದು ಕಾಯಿಸಿ. ಹರಳು ಅಂಚಿನಿಂದ ಮಂಕಾಗುತ್ತಾ ಬೂದಿಯಂಥ ಬಿಳಿಪುಡಿಯಾಗುತ್ತದೆ, ಪ್ರನಾಳದ ತಣ್ಣನೆಯ ಬಾಯಿಯ ಬಳಿ ನೀರಿನ ಹನಿಗಳು ಕೂರುತ್ತವೆ. ಪುಡಿ ಆರಿದ ಮೇಲೆ ಎರಡು ಹನಿ ನೀರು ಬಿಟ್ಟರೆ ನೀಲಿ ಮರಳಿ ಬರುತ್ತದೆ, ಕೈಗೆ ಬಿಸಿಯೂ ತಾಗುತ್ತದೆ. ಎಷ್ಟು ಸಲ ಬೇಕಾದರೂ ಹಿಂದಕ್ಕೂ ಮುಂದಕ್ಕೂ ಹೋಗಬಹುದು. ಆದರೂ ಇದನ್ನು ಪಠ್ಯಪುಸ್ತಕಗಳು ರಾಸಾಯನಿಕ ಬದಲಾವಣೆ ಎಂದೇ ಹೇಳುತ್ತವೆ. ಮೊಬೈಲ್ ಬ್ಯಾಟರಿಯನ್ನು ದಿನವೂ ಚಾರ್ಜ್ ಮಾಡುತ್ತೇವಲ್ಲ, ಅದೂ ಹಿಂದಿರುಗಿಸಬಹುದಾದ ರಾಸಾಯನಿಕ ಕ್ರಿಯೆಯೇ. ಇನ್ನೊಂದು ಕಡೆ ಕಾಗದ ಹರಿದರೆ ಹಿಂದಿರುಗಿಸಲಾಗದು, ಆದರೂ ಭೌತ.

ಇನ್ನು ಬಿಸಿ. ಗಂಧಕಾಮ್ಲವನ್ನು ನೀರಿಗೆ ಸೇರಿಸಿದರೆ ಸುಡುವಷ್ಟು ಬಿಸಿ. ಅಮೋನಿಯಂ ನೈಟ್ರೇಟನ್ನು ನೀರಿಗೆ ಹಾಕಿದರೆ ಲೋಟದ ಹೊರಗೆ ಇಬ್ಬನಿ ಕೂರುವಷ್ಟು ತಣ್ಣಗೆ. ಬಿಸಿ-ತಂಪು ಮಾತ್ರ ನೋಡಿ ತೀರ್ಪು ಕೊಟ್ಟರೆ ಕರಗುವ ವಸ್ತುಗಳಲ್ಲಿ ಅರ್ಧದಷ್ಟು ಆಚೆಗೆ, ಅರ್ಧದಷ್ಟು ಈಚೆಗೆ ಬೀಳುತ್ತವೆ.

ಪಿಯುಸಿ ಹುಡುಗ
ಹಾಗಾದರೆ ಪುಸ್ತಕದಲ್ಲಿ ಬಣ್ಣ, ಅನಿಲ, ಬಿಸಿ, ಒತ್ತರ (ದ್ರಾವಣದಲ್ಲಿ ಹುಟ್ಟುವ ಕರಗದ ಘನ) ಎಂದು ಪಟ್ಟಿ ಕೊಟ್ಟಿರುವುದು ಯಾಕೆ?

ಪ್ರಯೋಗಶಾಲೆ ಸಹಾಯಕ
ಅವು ಸುಳಿವುಗಳು. ಸುಳಿವು ಸಿಕ್ಕಿದ ಮೇಲೆ ವಸ್ತು ಬದಲಾಗಿದೆಯೇ ಎಂದು ಬೇರೆ ರೀತಿಯಲ್ಲಿ ಪರೀಕ್ಷಿಸಬೇಕು. ಸೋಡಾ ಬಾಟಲಿ ತೆರೆದಾಗಲೂ ಗುಳ್ಳೆ ಬರುತ್ತದೆ, ನೀರು ಕುದಿದಾಗಲೂ ಗುಳ್ಳೆ ಬರುತ್ತದೆ.

ರಸಾಯನ ಉಪನ್ಯಾಸಕ, ಧಾರವಾಡ
ಸುಣ್ಣದ ವಿಷಯ ಸಲೀಸು. ಸುಟ್ಟ ಸುಣ್ಣ ಎಂದರೆ ಕ್ಯಾಲ್ಸಿಯಂ ಆಕ್ಸೈಡ್. 56 ಗ್ರಾಂ ಸುಟ್ಟ ಸುಣ್ಣ 18 ಗ್ರಾಂ ನೀರನ್ನು ತನ್ನೊಳಗೆ ಸೇರಿಸಿಕೊಂಡು 74 ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುತ್ತದೆ. ನೀರು ನೀರಾಗಿ ಉಳಿಯುವುದಿಲ್ಲ. ಅದರ ಅಣು ಒಡೆದು ಹೈಡ್ರಾಕ್ಸೈಡ್ ಅಯಾನುಗಳಾಗಿರುತ್ತದೆ. ಬಿಸಿಲಿನಲ್ಲಿ ಎಷ್ಟು ದಿನ ಒಣಗಿಸಿದರೂ ಸುಟ್ಟ ಸುಣ್ಣ ಹಿಂದಿರುಗದು. ಅದಕ್ಕೆ 500 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಕಾವು ಬೇಕು. ಇದು ರಾಸಾಯನಿಕ ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ.

ಉಪ್ಪಿನದೇ ತಕರಾರು. ಹುಡುಗಿಯ ಪರವಾಗಿ ಒಂದು ಮಾತು ಹೇಳುತ್ತೇನೆ. 58.5 ಗ್ರಾಂ, ಅಂದರೆ ಒಂದು ಮೋಲ್ (ಕಣಗಳ ಒಂದು ನಿಗದಿತ ಎಣಿಕೆ), ಉಪ್ಪಿನ ಹರಳನ್ನು ಸಂಪೂರ್ಣವಾಗಿ ಬಿಡಿಬಿಡಿ ಅಯಾನುಗಳನ್ನಾಗಿ ಬೇರ್ಪಡಿಸಲು ಸುಮಾರು 787 ಕಿಲೋಜೂಲ್ ಬೇಕು. ಹೈಡ್ರೋಜನ್ ಅಣುವಿನ ಬಂಧ ಮುರಿಯಲು ಒಂದು ಮೋಲ್‌ಗೆ 436 ಕಿಲೋಜೂಲ್ ಸಾಕು. ಅಂದರೆ ಉಪ್ಪು ಕರಗುವಾಗ ಹರಳಿನೊಳಗಿನ ಬಹಳ ಬಲವಾದ ಕಟ್ಟು ಬಿಚ್ಚಿಕೊಳ್ಳುತ್ತದೆ. ನಮಗೆ ಅದು ಗೊತ್ತಾಗುವುದಿಲ್ಲ, ಏಕೆಂದರೆ ನೀರಿನ ಅಣುಗಳು ಅಯಾನುಗಳನ್ನು ಸುತ್ತುವರಿದಾಗ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಹೊರಬರುತ್ತದೆ. ಉಳಿಯುವ ವ್ಯತ್ಯಾಸ ಸುಮಾರು 4 ಕಿಲೋಜೂಲ್ ಮಾತ್ರ, ಅದರಿಂದ ನೀರು ತುಸು ತಣ್ಣಗಾಗುತ್ತದೆ. ಇಷ್ಟೆಲ್ಲ ನಡೆಯುವ ಬದಲಾವಣೆಯನ್ನು ಮಂಜುಗಡ್ಡೆ ಕರಗುವುದರ ಜೊತೆ ಒಂದೇ ಪಟ್ಟಿಯಲ್ಲಿ ಕೂರಿಸಿ "ಸೊನ್ನೆ" ಎಂದರೆ ನಾನು ಒಪ್ಪುವುದಿಲ್ಲ.

ಪ್ರೌಢಶಾಲಾ ಶಿಕ್ಷಕಿ
ಸರ್, ನಿಮ್ಮ ಅಂಕಿ ಸರಿ. ಆದರೆ ಹುಡುಗಿ ಬರೆದ ಕಾರಣವನ್ನು ಇನ್ನೊಮ್ಮೆ ಓದಿ. "ಸೋಡಿಯಂ ಕ್ಲೋರೈಡ್ ಅಣು ಒಡೆದು" ಎಂದಿದ್ದಾಳೆ. ಉಪ್ಪಿನ ಹರಳಿನಲ್ಲಿ ಅಂಥ ಅಣುವೇ ಇಲ್ಲ. ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡಿನ ಸುತ್ತ ಆರು ಸೋಡಿಯಂ, ಹೀಗೆ ಜಾಲದಂತೆ ಹಬ್ಬಿರುತ್ತವೆ. ಅಯಾನುಗಳು ನೀರಿಗೆ ಬೀಳುವ ಮೊದಲೇ ಅಯಾನುಗಳಾಗಿದ್ದವು. ನೀರು ಅವುಗಳನ್ನು ಹುಟ್ಟಿಸಿಲ್ಲ, ಬಿಡಿಸಿದೆ ಅಷ್ಟೆ. ಉಪ್ಪನ್ನು 801 ಡಿಗ್ರಿಗೆ ಕಾಯಿಸಿ ದ್ರವ ಮಾಡಿದರೂ ಅದೇ ಅಯಾನುಗಳು ಸಡಿಲಗೊಂಡು ವಿದ್ಯುತ್ ಹರಿಯುತ್ತದೆ. ಆ ದ್ರವನವನ್ನು ಯಾರೂ ರಾಸಾಯನಿಕ ಬದಲಾವಣೆ ಎನ್ನುವುದಿಲ್ಲವಲ್ಲ?

ಇದೇ ಕಾರಣವನ್ನು ಅವಳು ಹೈಡ್ರೋಜನ್ ಕ್ಲೋರೈಡ್ ಅನಿಲಕ್ಕೆ ಬರೆದಿದ್ದರೆ ಪೂರ್ಣ ಅಂಕ ಕೊಡುತ್ತಿದ್ದೆ. ಅಲ್ಲಿ ನಿಜವಾಗಿಯೂ ಅಣು ಇದೆ. ನೀರಿಗೆ ಬಿದ್ದಾಗ ಅದು ಒಡೆದು, ಹೈಡ್ರೋಜನ್ ಹೋಗಿ ನೀರಿನ ಅಣುವಿಗೆ ಅಂಟಿ, ಹೊಸ ಅಯಾನು ಹುಟ್ಟುತ್ತದೆ. ಅನಿಲವೂ ನೀರಿನಲ್ಲಿ ಕರಗುತ್ತದೆ, ಸಕ್ಕರೆಯೂ ಕರಗುತ್ತದೆ. ಸಕ್ಕರೆಯ ಅಣು ಇಡಿಯಾಗಿ ಉಳಿಯುತ್ತದೆ, ಹೈಡ್ರೋಜನ್ ಕ್ಲೋರೈಡಿನದು ಉಳಿಯುವುದಿಲ್ಲ. ಉಪ್ಪು ಇವೆರಡರ ನಡುವೆ ಎಲ್ಲೋ ಇದೆ, ಆದರೆ ಸಕ್ಕರೆಯ ಕಡೆಗೇ ಹೆಚ್ಚು ಹತ್ತಿರ.

ಪಿಯುಸಿ ಹುಡುಗ
ಶಿಕ್ಷಕಿಯವರ ಮಾತಿಗೆ ನನ್ನ ಮತ.

ರಸಾಯನ ಉಪನ್ಯಾಸಕ, ಧಾರವಾಡ
ಮೇಡಂ, ಭೌತ ಬದಲಾವಣೆ ಎನ್ನುವವರ ಬಳಿ ಇರುವ ಅತ್ಯುತ್ತಮ ವಾದ ಇದು. ಆದರೂ ಅಷ್ಟಕ್ಕೇ ಬಿಡಲಾರೆ. ಬಿಳಿ ಮೈಲುತುತ್ತಕ್ಕೆ ನೀರು ಹಾಕಿದರೆ ಏನಾಗುತ್ತದೆ? ತಾಮ್ರದ ಅಯಾನು ಮೊದಲೂ ತಾಮ್ರದ ಅಯಾನೇ, ಆಮೇಲೂ ತಾಮ್ರದ ಅಯಾನೇ. ಸುತ್ತ ನೀರಿನ ಅಣುಗಳು ಬಂದು ಕೂತವು, ಬಣ್ಣ ಬಂತು. ಅದನ್ನು ರಾಸಾಯನಿಕ ಎಂದು ಒಪ್ಪುತ್ತೀರಿ. ಉಪ್ಪಿನ ದ್ರಾವಣದಲ್ಲಿ ಸೋಡಿಯಂ ಸುತ್ತಲೂ ಐದಾರು ನೀರಿನ ಅಣುಗಳು ಕೂರುತ್ತವೆ. ಬಣ್ಣ ಬರಲಿಲ್ಲವೆಂದು ಅದನ್ನು ಭೌತ ಎನ್ನುವುದು ಕಣ್ಣಿಗೆ ಕೊಟ್ಟ ಮರ್ಯಾದೆಯೇ ಹೊರತು ರಸಾಯನಶಾಸ್ತ್ರವಲ್ಲ.

ಪ್ರೌಢಶಾಲಾ ಶಿಕ್ಷಕಿ
ಮೈಲುತುತ್ತದ ನೀಲಿ ಹರಳಿನಲ್ಲಿ ನೀರಿಗೆ ಲೆಕ್ಕವಿದೆ ಸರ್. ಒಂದು ಕಾಪರ್ ಸಲ್ಫೇಟಿಗೆ ಐದೇ ನೀರು. ನಾಲ್ಕು ತಾಮ್ರಕ್ಕೆ ಅಂಟಿಕೊಂಡಿರುತ್ತವೆ, ಐದನೆಯದು ಸಲ್ಫೇಟಿನ ಕಡೆ. ಯಾವ ಹರಳು ತೆಗೆದುಕೊಂಡರೂ ಇದೇ ಅನುಪಾತ. ಅದು ಸಂಯುಕ್ತ. ಉಪ್ಪುನೀರಿನಲ್ಲಿ ಅಂಥ ನಿಗದಿ ಇಲ್ಲ. 100 ಗ್ರಾಂ ನೀರಿಗೆ ಒಂದು ಚಿಟಿಕೆ ಹಾಕಿ, 20 ಗ್ರಾಂ ಹಾಕಿ, 36 ಗ್ರಾಂವರೆಗೆ ಎಷ್ಟು ಬೇಕಾದರೂ ಕರಗಿಸಿ, ಎಲ್ಲವೂ ಉಪ್ಪುನೀರೇ. ಅನುಪಾತ ಬದಲಾಯಿಸಬಹುದಾದರೆ ಮಿಶ್ರಣ, ಬದಲಾಯಿಸಲಾಗದಿದ್ದರೆ ಸಂಯುಕ್ತ. ಈ ಗೆರೆಯನ್ನು ನಾನು ಬಿಟ್ಟುಕೊಡಲಾರೆ.

ಹಳೆಯ ಪುಸ್ತಕಗಳ ಓದುಗ
ಇದೇ ಜಗಳ ಇಬ್ಬರು ಫ್ರೆಂಚ್ ರಸಾಯನಶಾಸ್ತ್ರಜ್ಞರ ನಡುವೆ 1790ರ ದಶಕದ ಕೊನೆಯಿಂದ ಸುಮಾರು ಹತ್ತು ವರ್ಷ ನಡೆದಿದೆ! ಪ್ರೂಸ್ಟ್ ಎಂಬಾತ ಶಿಕ್ಷಕಿಯವರ ಕಡೆ: ಸಂಯುಕ್ತದಲ್ಲಿ ತೂಕದ ಅನುಪಾತ ಯಾವಾಗಲೂ ನಿಗದಿ. ತಾಮ್ರದ ಕಾರ್ಬೊನೇಟ್ ಗಣಿಯಿಂದ ಬಂದರೂ ಒಂದೇ, ಪ್ರಯೋಗಶಾಲೆಯಲ್ಲಿ ತಯಾರಿಸಿದರೂ ಒಂದೇ. ಎದುರಿಗಿದ್ದ ಬೆರ್ತೊಲೆ, ದ್ರಾವಣ, ಗಾಜು, ಮಿಶ್ರಲೋಹ ಎಲ್ಲವನ್ನೂ ತೋರಿಸಿ, ಇಲ್ಲಿ ಅನುಪಾತ ಎಳೆದಷ್ಟು ಹಿಗ್ಗುತ್ತದಲ್ಲ ಎಂದು ಪಟ್ಟು ಹಿಡಿದ. ಕೊನೆಗೆ ಪ್ರೂಸ್ಟ್ ಗೆದ್ದ. ಬೆರ್ತೊಲೆ ತೋರಿಸಿದ ಉದಾಹರಣೆಗಳಲ್ಲಿ ಬಹುಪಾಲನ್ನು "ಇವು ಸಂಯುಕ್ತಗಳಲ್ಲ, ಮಿಶ್ರಣಗಳು" ಎಂದು ಬದಿಗಿಟ್ಟರು. ಇಂದಿನ ಶಾಲೆಯ ವಿಂಗಡಣೆ ಆ ಗೆಲುವಿನ ಮೇಲೆಯೇ ನಿಂತಿದೆ.

ಆದರೆ ಬೆರ್ತೊಲೆ ಪೂರ್ತಿ ಸೋಲಲಿಲ್ಲ. ಕಬ್ಬಿಣದ ಒಂದು ಆಕ್ಸೈಡ್, ವೂಸ್ಟೈಟ್, ಇದೆ. ಪುಸ್ತಕದ ಪ್ರಕಾರ ಒಂದು ಆಮ್ಲಜನಕಕ್ಕೆ ಒಂದು ಕಬ್ಬಿಣ ಇರಬೇಕು. ನಿಜವಾಗಿ ಸಿಗುವುದು ಸುಮಾರು 0.95, ಕೆಲವೊಮ್ಮೆ ಇನ್ನೂ ಕಡಿಮೆ. ಹರಳಿನಲ್ಲಿ ಅಲ್ಲಲ್ಲಿ ಕಬ್ಬಿಣದ ಜಾಗ ಖಾಲಿ ಬಿದ್ದಿರುತ್ತದೆ. ಸಂಯುಕ್ತವೇ, ಆದರೆ ಅನುಪಾತ ಅಲುಗಾಡುತ್ತದೆ. ಇಂಥವನ್ನು ಬೆರ್ತೊಲೆಯ ಹೆಸರಿನಿಂದಲೇ ಕರೆಯುವ ರೂಢಿ ಬಂದಿದೆ. ಶಿಕ್ಷಕಿಯವರ ಗೆರೆ ಬಹುಪಾಲು ಜಾಗದಲ್ಲಿ ಗಟ್ಟಿ, ಕೆಲವು ಕಡೆ ಮಸುಕು.

ಅಡಿಕೆ ತೋಟ
ಮೈಲುತುತ್ತ, ಸುಣ್ಣ ಎರಡೂ ಬಂದ ಮೇಲೆ ನಾನು ಸುಮ್ಮನಿರಲಾರೆ. ಮಳೆಗಾಲಕ್ಕೆ ಮುಂಚೆ ಮಲೆನಾಡಿನ ಪ್ರತಿ ತೋಟದಲ್ಲಿ ನಡೆಯುವ ರಸಾಯನಶಾಸ್ತ್ರ ಇದೇ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಒಂದು ಡ್ರಮ್ಮಿನಲ್ಲಿ ಮೈಲುತುತ್ತ ಕರಗಿಸುತ್ತೇವೆ, ಇನ್ನೊಂದರಲ್ಲಿ ಸುಣ್ಣ ಅರಳಿಸುತ್ತೇವೆ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕೋಲಿನಿಂದ ಕಲಕುತ್ತಿರಬೇಕು. ತಿಳಿನೀಲಿ ನೀರು ಹೋಗಿ ಆಕಾಶನೀಲಿ ಹಾಲಿನಂತೆ ದಟ್ಟವಾಗುತ್ತದೆ.

ಸರಿಯಾಗಿದೆಯೇ ಎಂದು ನೋಡಲು ಹೊಳಪಿರುವ ಕಬ್ಬಿಣದ ಕತ್ತಿಯ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತೇವೆ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಮೈಲುತುತ್ತ ಹೆಚ್ಚಾಗಿದೆ ಎಂದು ಅರ್ಥ, ಇನ್ನಷ್ಟು ಸುಣ್ಣದ ನೀರು ಬೇಕು. ಲೇಪ ಕೂರದಿದ್ದರೆ ಹೊಡೆಯಬಹುದು. ಲೇಪ ಕೂತರೂ ಹಾಗೆಯೇ ಹೊಡೆದರೆ ಹಿಂಗಾರ, ಎಳೆಕಾಯಿ ಸುಡುತ್ತವೆ. ಕೊನೆಗೌಡರು ಮರ ಹತ್ತುವ ಮೊದಲು ಇದೊಂದು ಪರೀಕ್ಷೆ ಆಗಲೇಬೇಕು. ಈಗ ಹೇಳಿ, ಇದರಲ್ಲಿ ಯಾವುದು ಭೌತ, ಯಾವುದು ರಾಸಾಯನಿಕ?

ಪ್ರಯೋಗಶಾಲೆ ಸಹಾಯಕ
ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ಪರೀಕ್ಷೆಯಲ್ಲೂ ಕೇಳಲಾರರು. ಒಂದೊಂದಾಗಿ ಹೇಳುತ್ತೇನೆ.

ಸುಣ್ಣ ಅರಳುವುದು ರಾಸಾಯನಿಕ, ಅದು ಮೇಲೆಯೇ ತೀರ್ಮಾನವಾಗಿದೆ. ಮೈಲುತುತ್ತದ ನೀಲಿ ಹರಳು ನೀರಿನಲ್ಲಿ ಕರಗುವುದು ಉಪ್ಪಿನ ಜಾತಿಗೆ ಸೇರಿದ್ದು, ಅದರ ಜಗಳ ಇನ್ನೂ ಮುಗಿದಿಲ್ಲ. ಎರಡೂ ಸೇರಿದಾಗ ಹುಟ್ಟುವ ನೀಲಿ ಒತ್ತರ ತಾಮ್ರದ ಹೈಡ್ರಾಕ್ಸೈಡ್ ಬಗೆಯ ವಸ್ತು, ಜೊತೆಗೆ ಕ್ಯಾಲ್ಸಿಯಂ ಸಲ್ಫೇಟ್ ಕೂಡ ಇರುತ್ತದೆ. ಇದು ಸ್ಪಷ್ಟವಾಗಿ ರಾಸಾಯನಿಕ. ಕತ್ತಿಯ ಮೇಲಿನ ಕೆಂಪು ಲೇಪ ಅಪ್ಪಟ ತಾಮ್ರ. ಕಬ್ಬಿಣ ದ್ರಾವಣಕ್ಕಿಳಿದು ತಾಮ್ರವನ್ನು ಹೊರಗೆ ತಳ್ಳುತ್ತದೆ. ಹತ್ತನೇ ತರಗತಿಯಲ್ಲಿ ಕಬ್ಬಿಣದ ಮೊಳೆ ಹಾಕಿ ತೋರಿಸುವ ಸ್ಥಾನಪಲ್ಲಟ ಕ್ರಿಯೆ ಇದೇ. ಆದ್ದರಿಂದಲೇ ಬೋರ್ಡೋವನ್ನು ಕಬ್ಬಿಣದ ಪಾತ್ರೆಯಲ್ಲಿ ಮಾಡಬಾರದು ಎನ್ನುವುದು.

ಇನ್ನು ಸಿದ್ಧವಾದದ್ದು ಯಾವ ಬಗೆಯ ಮಿಶ್ರಣ? ಕಲಕದೆ ಬಿಟ್ಟರೆ ನೀಲಿ ತಳಕ್ಕೆ ಕೂರುತ್ತದೆ, ಮೇಲೆ ತಿಳಿನೀರು ನಿಲ್ಲುತ್ತದೆ. ಕಣಗಳು ತೂಗಾಡುತ್ತಿರುವ ನಿಲಂಬನ ಅದು. ಹೊಡೆಯುವಾಗ ನಡುನಡುವೆ ಕಲಕುತ್ತಲೇ ಇರಬೇಕಾದದ್ದು ಇದೇ ಕಾರಣಕ್ಕೆ.

ಹಳೆಯ ಪುಸ್ತಕಗಳ ಓದುಗ
ತೋಟದವರಿಗೆ ಒಂದು ಸಂಗತಿ. ಬೋರ್ಡೋ ಫ್ರಾನ್ಸಿನ ದ್ರಾಕ್ಷಿ ಸೀಮೆ. ದಾರಿಬದಿಯ ಬಳ್ಳಿಗಳಿಂದ ಜನ ಹಣ್ಣು ಕೀಳದಿರಲಿ ಎಂದು ಅಲ್ಲಿಯವರು ಸುಣ್ಣ-ಮೈಲುತುತ್ತ ಬಳಿಯುತ್ತಿದ್ದರು. ಹಾಗೆ ಬಳಿದ ಬಳ್ಳಿಗಳಿಗೆ ಎಲೆರೋಗ ಬಾರದ್ದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದ. ನಮ್ಮಲ್ಲಿ ಕೊಳೆರೋಗದ ಮೇಲೆ ಆಳವಾಗಿ ಕೆಲಸ ಮಾಡಿ, ಅಡಿಕೆಗೆ ಇದನ್ನು ಹೊಡೆಯುವ ಪದ್ಧತಿಗೆ ತಳಹದಿ ಹಾಕಿದವರು ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಅವರ ಕೊಳೆರೋಗದ ಅಧ್ಯಯನ 1910ರದು.

ಅಡಿಕೆ ತೋಟ
ಕೋಲ್ಮನ್ ಹೆಸರು ಕೇಳಿದ್ದೆ, ದ್ರಾಕ್ಷಿ ಕಳ್ಳರ ಕಥೆ ಗೊತ್ತಿರಲಿಲ್ಲ. ಒಂದು ಎಚ್ಚರಿಕೆಯನ್ನೂ ಇಲ್ಲೇ ಸೇರಿಸುತ್ತೇನೆ: ಸುಣ್ಣ ಅರಳಿಸುವಾಗ ಮುಖ ಬಗ್ಗಿಸಿ ನೋಡಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಕಣ್ಣಿಗೆ ಸಿಡಿದರೆ ತಡಮಾಡದೆ ಧಾರೆಯಾಗಿ ನೀರು ಬಿಟ್ಟು ತುಂಬಾ ಹೊತ್ತು ತೊಳೆದು ವೈದ್ಯರ ಬಳಿ ಕರೆದೊಯ್ಯಿರಿ.

ರಸಾಯನ ಉಪನ್ಯಾಸಕ, ಧಾರವಾಡ
ಈ ಎಚ್ಚರಿಕೆಗೆ ಲೆಕ್ಕವನ್ನೂ ಸೇರಿಸುತ್ತೇನೆ. ಒಂದು ಕಿಲೋ ಶುದ್ಧ ಸುಟ್ಟ ಸುಣ್ಣ ಅರಳುವಾಗ ಸುಮಾರು 1,150 ಕಿಲೋಜೂಲ್ ಶಾಖ ಹೊರಡುತ್ತದೆ. ಮೂರು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ಕಡಿಮೆ ನೀರು ಹಾಕಿದರೆ ಅದು ಸಿಡಿಯದೆ ಇನ್ನೇನು ಮಾಡೀತು?

ಅಘನಾಶಿನಿ ತೀರ
ಉಪ್ಪಿನ ಚರ್ಚೆಗೆ ಹಿಂದಿರುಗೋಣ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಅಲ್ಲಿ ನಿಂತು ನೋಡಿದರೆ "ಒಣಗಿಸಿದರೆ ಉಪ್ಪು ಸಿಗುತ್ತದೆ" ಎನ್ನುವ ಮಾತು ಅಷ್ಟು ಸರಳವಲ್ಲ ಎಂದು ತಿಳಿಯುತ್ತದೆ. ಸಮುದ್ರದ ನೀರನ್ನು ಒಂದು ಮಡಿಯಿಂದ ಇನ್ನೊಂದು ಮಡಿಗೆ ಹಾಯಿಸುತ್ತಾ ಹೋಗುತ್ತಾರೆ. ನೀರು ಗಟ್ಟಿಯಾದಂತೆ ಮೊದಲು ಸುಣ್ಣದ ಅಂಶ ಬೀಳುತ್ತದೆ. ನೀರು ಐದನೇ ಒಂದು ಭಾಗಕ್ಕೆ ಇಳಿಯುವ ಹೊತ್ತಿಗೆ ಜಿಪ್ಸಂ. ಹತ್ತನೇ ಒಂದು ಭಾಗಕ್ಕೆ ಬಂದಾಗ ನಮ್ಮ ಅಡುಗೆ ಉಪ್ಪು. ಕೊನೆಗೆ ಉಳಿಯುವ ಕಹಿ ನೀರಿನಲ್ಲಿ ಮೆಗ್ನೀಸಿಯಂ ಲವಣಗಳು. ಆ ಕಹಿ ನೀರು ಸರಿಯಾಗಿ ಬಸಿದು ಹೋಗದಿದ್ದರೆ ಮಳೆಗಾಲದಲ್ಲಿ ಉಪ್ಪಿನ ಭರಣಿ ಒದ್ದೆಯಾಗುತ್ತದೆ, ಏಕೆಂದರೆ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ.

ನನ್ನ ಪ್ರಶ್ನೆ: ಸಮುದ್ರದ ನೀರಿನಲ್ಲಿ ಸೋಡಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಕ್ಲೋರೈಡ್, ಸಲ್ಫೇಟ್ ಎಲ್ಲವೂ ಬಿಡಿಬಿಡಿಯಾಗಿ ಓಡಾಡುತ್ತಿರುತ್ತವೆ ತಾನೇ? ಯಾವ ಕ್ಲೋರೈಡ್ ಯಾವ ಸೋಡಿಯಂ ಜೊತೆ ಇತ್ತು ಎಂದು ಹೇಳಲು ಯಾರಿಂದಾದೀತು? ಹಾಗಿದ್ದರೆ "ಅದೇ ಉಪ್ಪು ಮತ್ತೆ ಸಿಕ್ಕಿತು" ಎನ್ನುವುದಕ್ಕೆ ಏನರ್ಥ?

ಪ್ರೌಢಶಾಲಾ ಶಿಕ್ಷಕಿ
ಒಳ್ಳೆಯ ಪ್ರಶ್ನೆ. ಅದೇ ಅಯಾನುಗಳ ಜೋಡಿ ಮತ್ತೆ ಸೇರಬೇಕಿಲ್ಲ, ಅದೇ ವಸ್ತು ಸೇರಿದರೆ ಸಾಕು. ಒಂದು ಪಾತ್ರೆಯ ನೀರು ಆವಿಯಾಗಿ ತಣಿದರೂ ಯಾವ ಅಣು ಯಾವುದರ ಪಕ್ಕ ಇತ್ತು ಎಂದು ನಾವು ಕೇಳುವುದಿಲ್ಲ.

ರಸಾಯನ ಉಪನ್ಯಾಸಕ, ಧಾರವಾಡ
ಅಘನಾಶಿನಿಯವರ ಪ್ರಶ್ನೆಗೆ ಇನ್ನೂ ಒಂದು ಮುಖವಿದೆ. ಚಿನ್ನ ರಾಜಾಮ್ಲದಲ್ಲಿ (ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ) ಕರಗುತ್ತದೆ. ಆ ದ್ರಾವಣವನ್ನು ಒಣಗಿಸಿದರೆ ಚಿನ್ನ ಸಿಗುವುದಿಲ್ಲ, ಚಿನ್ನದ ಕ್ಲೋರೈಡ್ ಬಗೆಯ ಹಳದಿ ವಸ್ತು ಸಿಗುತ್ತದೆ. ಉಪ್ಪು ನೀರಿನಲ್ಲಿ, ಚಿನ್ನ ರಾಜಾಮ್ಲದಲ್ಲಿ, ಸತು ದುರ್ಬಲ ಆಮ್ಲದಲ್ಲಿ: ಮೂರಕ್ಕೂ ಕರಗಿತು ಎಂದೇ ಹೇಳುತ್ತೇವೆ. ಕರಗುವುದು ಎಂಬ ಒಂದೇ ಸಂಗತಿಯನ್ನು ಹಿಡಿದು "ಇದು ಭೌತ" ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸಬಾರದು. ನನ್ನ ಜಗಳ ಇರುವುದು ಅದರ ಮೇಲೆ.

ಪ್ರಯೋಗಶಾಲೆ ಸಹಾಯಕ
ನೀರಿನ ಅಣುಗಳು ಅಯಾನಿನ ಸುತ್ತ ಎಷ್ಟು ಹೊತ್ತು ಕೂರುತ್ತವೆ ಎಂಬುದನ್ನೂ ನೋಡಿ. ಸೋಡಿಯಂ ಪಕ್ಕದ ನೀರಿನ ಅಣು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದ ಹೊತ್ತಿಗೆ ಎದ್ದು ಹೋಗಿ ಇನ್ನೊಂದು ಬರುತ್ತದೆ. ಮೂರು ಧನಾವೇಶದ ಕ್ರೋಮಿಯಂ ಪಕ್ಕದಲ್ಲಿ ಕೂತದ್ದು ದಿನಗಟ್ಟಲೆ ಕದಲುವುದಿಲ್ಲ. ಸೋಡಿಯಂನದನ್ನು ಸುತ್ತುವರಿಯುವಿಕೆ ಎನ್ನಬಹುದು, ಕ್ರೋಮಿಯಂನದನ್ನು ಬಂಧ ಎನ್ನಲೇಬೇಕು. ಇವೆರಡರ ನಡುವೆ ಉಳಿದ ಲೋಹಗಳು ಮೆಟ್ಟಿಲು ಮೆಟ್ಟಿಲಾಗಿ ನಿಂತಿವೆ. ಎಲ್ಲಿ ಗೆರೆ ಎಳೆಯುತ್ತೀರಿ?

ಬೀದರಿನಾಕೆ
ಮೈಲುತುತ್ತ ನಮ್ಮಲ್ಲೂ ಇದೆ! ಬಿದರಿ ಕೆಲಸದಲ್ಲಿ ಪಾತ್ರೆಯ ಎರಕ ಬಹುಪಾಲು ಸತು, ಸ್ವಲ್ಪ ತಾಮ್ರ. ಅರದಿಂದ ಉಜ್ಜಿ ನಯಗೊಳಿಸಿದ ಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಬೆಳ್ಳಗಿದ್ದ ಮೈ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಉಳಿಮೊನೆಯಿಂದ ಬಳ್ಳಿ, ಹೂವು ಗೀರಿದರೆ ಗೆರೆ ಹೊಳೆದು ಕಾಣುತ್ತದೆ. ಗೀರಿದ ಜಾಗಕ್ಕೆ ಬೆಳ್ಳಿಯ ತಂತಿ ಬಡಿದು ಕೂರಿಸಿ ಮತ್ತೆ ಉಜ್ಜಿದಾಗ ಆ ಕಪ್ಪು ಹೋಗಿಬಿಡುತ್ತದೆ. ಕೊನೆಯಲ್ಲಿ ಬೀದರ್ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿದ ಬಿಸಿ ನೀರಿನಲ್ಲಿ ಪಾತ್ರೆಯನ್ನು ಹಾಕುತ್ತಾರೆ. ಎರಕದ ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಣ್ಣನ್ನು ನಾಲಿಗೆಗೆ ತಾಗಿಸಿ ನೋಡಿ ಆರಿಸುವ ಕುಶಲಕರ್ಮಿಗಳಿದ್ದಾರೆ. ಎರಕ ಹೊಯ್ಯುವುದು, ತಂತಿ ಬಡಿಯುವುದು ಭೌತ, ಕಪ್ಪಾಗುವುದು ಎರಡು ಸಲವೂ ರಾಸಾಯನಿಕ ಎಂದು ನನ್ನ ಲೆಕ್ಕ. ಸರಿಯೇ?

ಪ್ರಯೋಗಶಾಲೆ ಸಹಾಯಕ
ಪೂರ್ತಿ ಸರಿ. ಮೊದಲ ಕಪ್ಪು, ತೋಟದವರ ಕತ್ತಿಯ ಕೆಂಪು, ಎರಡೂ ಒಂದೇ ಬಗೆಯ ಕ್ರಿಯೆ. ಅಲ್ಲಿ ಕಬ್ಬಿಣ, ಇಲ್ಲಿ ಸತು. ತಾಮ್ರ ಅತಿ ಸಣ್ಣ ಕಣಗಳಾಗಿ ಕೂತಾಗ ಕಪ್ಪಾಗಿ ಕಾಣುತ್ತದೆ.

ಮಂಡ್ಯದ ಆಲೆಮನೆ
ಕಬ್ಬಿನ ಹಾಲಿಗೂ ಸುಣ್ಣ ಹಾಕುತ್ತೇವೆ. ಹುಳಿ ಮುರಿಯುತ್ತದೆ, ಕಲ್ಮಶ ಮೇಲೆ ಬರುತ್ತದೆ, ಇಲ್ಲದಿದ್ದರೆ ಸಕ್ಕರೆ ಒಡೆದು ಬೆಲ್ಲ ಗಟ್ಟಿ ಕೂರುವುದಿಲ್ಲ. ಆದರೆ ನೀರು ಆರಿಸುವುದು ಭೌತ. ಒಂದೇ ಕೊಪ್ಪರಿಗೆಯಲ್ಲಿ ಎರಡೂ ನಡೆಯುತ್ತದೆ.

ಪಿಯುಸಿ ಹುಡುಗ
ಬೆಣ್ಣೆ ಕಾಯಿಸಿ ತುಪ್ಪ ಮಾಡುವುದು?

ಮಂಡ್ಯದ ಆಲೆಮನೆ
ಬೆಣ್ಣೆ ಕರಗುವುದು, ಅದರಲ್ಲಿನ ನೀರು ಆರುವುದು ಭೌತ. ಘಮಘಮ ಬರುತ್ತದಲ್ಲ, ಅದು ರಾಸಾಯನಿಕ. ತಳದಲ್ಲಿ ಕೆಂಪಗಾಗುವ ಕಸಟನ್ನು ನೋಡಿ.

ತುಮಕೂರಿನವ
ಇಷ್ಟು ಚರ್ಚೆಯಾಗುತ್ತದೆ ಎಂದುಕೊಂಡಿರಲಿಲ್ಲ, ಎಲ್ಲರಿಗೂ ವಂದನೆ. ಮಗಳು ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. "ಹಾಲು ಯಾವ ಬಗೆಯ ಮಿಶ್ರಣ? ಎಲ್ಲ ಕಡೆ ಒಂದೇ ಥರ ಕಾಣುತ್ತದಲ್ಲ" ಎಂದು ಕೇಳುತ್ತಿದ್ದಾಳೆ.

ಪ್ರೌಢಶಾಲಾ ಶಿಕ್ಷಕಿ
ಅವಳಿಗೆ ಉತ್ತರ ಹೇಳಬೇಡಿ, ಇದನ್ನು ಮಾಡಿಸಿ. ರಾತ್ರಿ ದೀಪ ಆರಿಸಿ, ನೇರ ಗೋಡೆಯ ಗಾಜಿನ ಲೋಟದಲ್ಲಿ ಉಪ್ಪುನೀರು ಇಟ್ಟು ಮೊಬೈಲ್ ಟಾರ್ಚಿನ ಬೆಳಕನ್ನು ಪಕ್ಕದಿಂದ ಹಾಯಿಸಲಿ. ಲೋಟದೊಳಗೆ ಬೆಳಕಿನ ದಾರಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಇನ್ನೊಂದು ಲೋಟದ ನೀರಿಗೆ ಕೆಲವೇ ಹನಿ ಹಾಲು ಬಿಟ್ಟು ಕಲಕಿ ಹಾಗೆಯೇ ಹಾಯಿಸಲಿ. ಬೆಳಕಿನ ಕೋಲು ಎದ್ದು ಕಾಣುತ್ತದೆ. ಬದಿಯಿಂದ ನೋಡಿದರೆ ತೆಳು ನೀಲಿ ಛಾಯೆ, ಎದುರಿನಿಂದ ಲೋಟದ ಮೂಲಕ ಟಾರ್ಚನ್ನೇ ನೋಡಿದರೆ ಕಿತ್ತಳೆ ಛಾಯೆ. ಕೊಬ್ಬಿನ ಹನಿಗಳೂ ಕೇಸಿನ್ ಎಂಬ ಪ್ರೋಟೀನಿನ ಉಂಡೆಗಳೂ ಬೆಳಕನ್ನು ಚೆದುರಿಸುವಷ್ಟು ದೊಡ್ಡವು, ಬೇಗ ತಳ ಸೇರದಷ್ಟು ಚಿಕ್ಕವು. ಇಂಥದ್ದನ್ನು ಕಲಿಲ ಎನ್ನುತ್ತೇವೆ. ಉಪ್ಪಿನ ಅಯಾನುಗಳು ಅವಕ್ಕಿಂತ ನೂರಾರು ಪಟ್ಟು ಚಿಕ್ಕವು.

ಹಳೆಯ ಪುಸ್ತಕಗಳ ಓದುಗ
ಹೀಗೆ ಬೆಳಕಿನ ದಾರಿ ಕಾಣುವುದೇ ಟಿಂಡಲ್ ಪರಿಣಾಮ!

ರಸಾಯನ ಉಪನ್ಯಾಸಕ, ಧಾರವಾಡ
ವಿಂಗಡಣೆಯ ಮಾತು ಬಂದದ್ದರಿಂದ ದಾರಿ ತಪ್ಪಿಸಿ ಒಂದು ವಿಷಯ. ಘನ, ದ್ರವ, ಅನಿಲ ಎಂದು ಮೂರೇ ಖಾನೆ ಕೊಟ್ಟು ಮಕ್ಕಳನ್ನು ಕೂರಿಸುತ್ತೇವೆ. 1888ರಲ್ಲಿ ರೈನಿಟ್ಸರ್ ಎಂಬ ಆಸ್ಟ್ರಿಯಾದ ಸಸ್ಯವಿಜ್ಞಾನಿ ಒಂದು ವಸ್ತುವನ್ನು ಕಾಯಿಸಿದಾಗ ಅದು ಎರಡು ಸಲ ಕರಗಿತು. 145.5 ಡಿಗ್ರಿಗೆ ಮಬ್ಬು ದ್ರವ, 178.5 ಡಿಗ್ರಿಗೆ ತಿಳಿ ದ್ರವ. ನಡುವೆ ಇದ್ದದ್ದು ದ್ರವಸ್ಫಟಿಕ: ದ್ರವದಂತೆ ಹರಿಯುತ್ತದೆ, ಸ್ಫಟಿಕದಂತೆ ಅಣುಗಳ ಸಾಲು ಉಳಿಸಿಕೊಳ್ಳುತ್ತದೆ. ಎಷ್ಟೋ ಟಿವಿ ಪರದೆಗಳು ಅದರಿಂದಲೇ ಆದವು. ಉದ್ದನೆಯ ಕಡ್ಡಿಯಂಥ ಅಣುಗಳು ಮಾತ್ರ ಹೀಗಾಗುತ್ತವೆ ಎಂದು ನಂಬಿದ್ದ ಕಾಲದಲ್ಲಿ, ಬಿಲ್ಲೆಯಂಥ ಚಪ್ಪಟೆ ಅಣುಗಳೂ ಆಗುತ್ತವೆ ಎಂದು 1977ರಲ್ಲಿ ತೋರಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು. ನಮ್ಮ ನಾಡಿನಲ್ಲೇ ಖಾನೆ ಒಡೆದ ಕೆಲಸ ಇದು, ನಮ್ಮ ತರಗತಿಗಳಲ್ಲಿ ಹೇಳುವುದಿಲ್ಲ ಎಂಬುದು ನನಗೆ ನಿಜವಾದ ನೋವು.

ಪಿಯುಸಿ ಹುಡುಗ
ನಮಗೂ ಯಾರೂ ಹೇಳಿರಲಿಲ್ಲ.

ಪ್ರೌಢಶಾಲಾ ಶಿಕ್ಷಕಿ
ನಾಳೆಯೇ ಹೇಳುತ್ತೇನೆ ಸರ್. ಆದರೆ ಖಾನೆಗಳನ್ನೇ ಕೈಬಿಡಬೇಕು ಎನ್ನುವುದಾದರೆ ನನ್ನ ವಿರೋಧವಿದೆ. ಹದಿನೈದು ವರ್ಷದ ಮಗುವಿಗೆ ಮೊದಲು ಮಂಜುಗಡ್ಡೆ ಒಂದು ಕಡೆ, ತುಕ್ಕು ಇನ್ನೊಂದು ಕಡೆ ಎಂದು ಗಟ್ಟಿಯಾಗಿ ಕೂರಬೇಕು. ಆಮೇಲೆ ನಡುವಿನದ್ದು. ನನ್ನ ಆಕ್ಷೇಪ ಪ್ರಶ್ನೆಪತ್ರಿಕೆಯ ಮೇಲೆ: ಒಂದು ಅಂಕದ ವಿಂಗಡಣೆಯಲ್ಲಿ ಉಪ್ಪನ್ನು ಇಡಲೇಬಾರದಿತ್ತು. ಇಟ್ಟರೆ ಕಾರಣಕ್ಕೂ ಅಂಕ ಇರಬೇಕು.

ರಸಾಯನ ಉಪನ್ಯಾಸಕ, ಧಾರವಾಡ
ಇಷ್ಟಕ್ಕೆ ನಾವಿಬ್ಬರೂ ಒಂದೇ ಕಡೆ ಇದ್ದೇವೆ. ತುಮಕೂರಿನವರೇ, ಮಗಳಿಗೆ ಹೇಳಿ: ಪಬ್ಲಿಕ್ ಪರೀಕ್ಷೆಯಲ್ಲಿ ಭೌತ ಎಂದು ಬರೆಯಲಿ, "ಅಯಾನುಗಳು ಹರಳಿನಲ್ಲಿ ಮೊದಲೇ ಇದ್ದವು, ಹೊಸ ವಸ್ತು ಉಂಟಾಗಲಿಲ್ಲ" ಎಂಬ ಕಾರಣ ಸೇರಿಸಲಿ. ಪಿಯುಸಿಗೆ ಬಂದ ಮೇಲೆ 787ರ ಲೆಕ್ಕ ಮಾಡಿ ಅಧ್ಯಾಪಕರೊಡನೆ ವಾದಿಸಲಿ.

ತುಮಕೂರಿನವ
ಹೇಳಿದೆ. "ಹರಳಿನಲ್ಲಿ ಅಣು ಇಲ್ಲ" ಎನ್ನುವುದು ಅವಳಿಗೆ ಹೊಸದು, ಪುಸ್ತಕದ ಅಂಚಿನಲ್ಲಿ ಬರೆದುಕೊಂಡಳು. ಶಾಲೆಯ ಶಿಕ್ಷಕರ ಹತ್ತಿರವೂ ಈ ಚರ್ಚೆಯನ್ನು ಒಯ್ಯುತ್ತೇನೆ, ಜಗಳಕ್ಕಲ್ಲ. ಅವಳದೇ ಇನ್ನೊಂದು ಪ್ರಶ್ನೆ: ಕೆಸರು ನೀರಿಗೆ ಪಟಿಕ ತಿಕ್ಕಿದರೆ ತಿಳಿಯಾಗುತ್ತದಲ್ಲ, ಅದು?

ಪ್ರಯೋಗಶಾಲೆ ಸಹಾಯಕ
ಪಟಿಕದ ಅಲ್ಯೂಮಿನಿಯಂ ನೀರಿನೊಡನೆ ವರ್ತಿಸಿ ಅಂಟಂಟಾದ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಆಗುತ್ತದೆ, ಇದು ರಾಸಾಯನಿಕ. ಋಣಾವೇಶದಿಂದ ಒಂದನ್ನೊಂದು ದೂರ ತಳ್ಳುತ್ತಿದ್ದ ಜೇಡಿಯ ಕಣಗಳು ಆ ಅಂಟಿಗೆ ಸಿಕ್ಕಿ ಮುದ್ದೆಗಟ್ಟಿ ತಳಕ್ಕಿಳಿಯುತ್ತವೆ, ಇದು ಭೌತ. ಎರಡು ಲೋಟ ನೀರಿನಲ್ಲಿ ಹೊಲದ ಮಣ್ಣು ಕದಡಿ, ಪಟಿಕ ತಿಕ್ಕಿದ್ದು ಒಂದು, ತಿಕ್ಕದ್ದು ಒಂದು, ಪಕ್ಕಪಕ್ಕ ಇಟ್ಟು ನೋಡಲಿ. ಎರಡೂ ತಿಳಿಯಾಗಲು ಎಷ್ಟೆಷ್ಟು ಹೊತ್ತು ಬೇಕಾಯಿತು ಎಂದು ಬರೆದು ಇಲ್ಲಿ ಹಾಕಿ.